ಕೆಂಪು ಬೆಳಕು ಬಿದ್ದರೆ ಜೀವಕೋಶಕ್ಕೆ ನಿಜವಾಗ್ಲೂ ಏನಾದರೂ ಆಗುತ್ತಾ?

ನಾನು ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವ ಸೆಲ್ ಕಲ್ಚರ್ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ ಅಂತ ಗೊತ್ತಾದವರೆಲ್ಲ ಈಗೀಗ ಇದನ್ನೇ ಕೇಳುತ್ತಾರೆ. ಹೋದ ತಿಂಗಳು ಚಿಕ್ಕಮ್ಮ ಫೋನ್ ಮಾಡಿದ್ದರು. "ಆ ಕೆಂಪು ಲೈಟಿನ ಮಾಸ್ಕ್ ಹಾಕ್ಕೊಂಡ್ರೆ ಚರ್ಮ ಚೆನ್ನಾಗಾಗುತ್ತಂತೆ, ನಿಜಾನಾ ಪುಟ್ಟಿ?"

ಬೆಳಕಿಗೆ ಜೀವಕೋಶ ಸ್ಪಂದಿಸುವುದು ನಿಜ. ಆದರೆ ಎಷ್ಟು ಬೆಳಕು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಇದು ಶುರುವಾಗಿದ್ದು ಹಂಗೇರಿಯ ಬುಡಾಪೆಸ್ಟ್‌ನಲ್ಲಿ. 1967ರಲ್ಲಿ ಎಂದ್ರೆ ಮೆಸ್ಟರ್ ಅನ್ನುವ ವೈದ್ಯರು ಲೇಸರ್‌ನಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ನೋಡಲು ಇಲಿಗಳ ಬೆನ್ನು ಬೋಳಿಸಿ ಬೆಳಕು ಬಿಟ್ಟರು. ಕ್ಯಾನ್ಸರ್ ಬರಲಿಲ್ಲ. ಬೆಳಕು ಬಿದ್ದ ಇಲಿಗಳಲ್ಲಿ ಕೂದಲು ಬೇಗ ಬೆಳೆಯಿತು. ಆಮೇಲೆ ರಷ್ಯಾದ ವಿಜ್ಞಾನಿ ಟೀನಾ ಕಾರು, ತಟ್ಟೆಯಲ್ಲಿ ಬೆಳೆಸಿದ ಹೀಲಾ ಕೋಶಗಳ (ಲ್ಯಾಬುಗಳಲ್ಲಿ ಬಹಳ ಬಳಸುವ ಮನುಷ್ಯರ ಕ್ಯಾನ್ಸರ್ ಕೋಶಗಳು) ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಬೆಳಕನ್ನು ಹೀರುವುದು ಕೋಶಕ್ಕೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾದಲ್ಲಿರುವ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಅನ್ನುವ ಕಿಣ್ವ ಎಂಬುದು ಅವರ ವಾದ. ಅಲ್ಲಿ ಆಮ್ಲಜನಕದ ಜಾಗ ಹಿಡಿದು ಕೂತ ನೈಟ್ರಿಕ್ ಆಕ್ಸೈಡನ್ನು ಬೆಳಕು ಕದಲಿಸುತ್ತದೆ, ಕೋಶದ ಉಸಿರಾಟ ಚುರುಕಾಗಿ, ಅದರ ಇಂಧನವಾದ ಎಟಿಪಿ ಜಾಸ್ತಿಯಾಗುತ್ತದೆ ಅಂತ ಬಹಳ ಜನ ವಿವರಿಸುತ್ತಾರೆ. ಚರ್ಚೆ ಇನ್ನೂ ನಡೆದಿದೆ.

ನಾವು ಇದನ್ನು ನೋಡುವ ಒಂದು ಸರಳ ಪರೀಕ್ಷೆ ಇದೆ. ಗಾಯ ಮುಚ್ಚಲು ನೆರವಾಗುವ, ಚರ್ಮದ ಫೈಬ್ರೊಬ್ಲಾಸ್ಟ್ ಕೋಶಗಳು ಪ್ಲೇಟಿನ ತಳದಲ್ಲಿ ಒತ್ತೊತ್ತಾಗಿ ಹಾಸಿಕೊಂಡ ಮೇಲೆ, ಪಿಪೆಟ್ ಟಿಪ್‌ನಿಂದ ನಡುವೆ ಒಂದು ಗೀರು ಎಳೆಯುತ್ತೇವೆ. ಅದೇ ಗಾಯ. ಮೈಕ್ರೋಸ್ಕೋಪಿನಲ್ಲಿ ಖಾಲಿ ರಸ್ತೆಯ ಹಾಗೆ ಕಾಣುತ್ತದೆ. ಕೆಲವು ಗಂಟೆ ಬಿಟ್ಟು ನೋಡಿದರೆ ಎರಡೂ ಅಂಚಿನ ಕೋಶಗಳು ಕೈಚಾಚಿದ ಹಾಗೆ ಒಳಗೆ ಬಂದಿರುತ್ತವೆ. ಬೆಳಕು ಬಿದ್ದ ಪ್ಲೇಟಿನಲ್ಲಿ ಗೀರು ಬೇಗ ಮುಚ್ಚುತ್ತಾ ಅನ್ನುವುದೇ ಪ್ರಶ್ನೆ.

ಇಲ್ಲಿ ಮೋಸ ಹೋಗುವುದು ಸುಲಭ. ನಾನೂ ಹೋಗಿದ್ದೇನೆ. ಮೊದಮೊದಲು ಬೆಳಕಿನ ಪ್ಲೇಟನ್ನು ಮಾತ್ರ ಹೊರಗೆ ತೆಗೆದು, ಹೋಲಿಕೆಗೆಂದು ಬೆಳಕು ಬಿಡದೆ ಇಟ್ಟ ಕಂಟ್ರೋಲ್ ಪ್ಲೇಟನ್ನು ಇನ್‌ಕ್ಯುಬೇಟರ್‌ನಲ್ಲೇ ಬಿಟ್ಟಿದ್ದೆ. ಹೊರಗಿಟ್ಟ ಪ್ಲೇಟಿನ ಕೆಂಪು ಮೀಡಿಯಂ (ಕೋಶಗಳಿಗೆ ಆಹಾರವಾಗುವ ದ್ರವ) ನೇರಳೆ ಕಡೆ ತಿರುಗಿತ್ತು. ಅದರಲ್ಲಿದ್ದ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರಿತ್ತು, ಅಂದರೆ ಆಮ್ಲೀಯತೆ ಇಳಿದಿತ್ತು. ಎರಡು ಪ್ಲೇಟ್‌ಗಳ ನಡುವೆ ವ್ಯತ್ಯಾಸ ಕಂಡಿದ್ದು ನಿಜ, ಆದರೆ ಅದು ಬೆಳಕಿನದೋ, ಪಿಎಚ್‌ದೋ, ತಣ್ಣಗಾಗಿದ್ದರದೋ ಹೇಳುವುದು ಹೇಗೆ? ಎರಡು ವಾರದ ಕೆಲಸ ಎಸೆದೆ. ಈಗ ಕಂಟ್ರೋಲ್ ಪ್ಲೇಟಿಗೂ ಫಾಯಿಲ್ ಸುತ್ತಿ, ಅಷ್ಟೇ ಹೊತ್ತು ಹೊರಗಿಡುತ್ತೇನೆ.

ಇನ್ನು ಪ್ರಮಾಣದ ವಿಷಯ. ಚದರ ಸೆಂಟಿಮೀಟರಿಗೆ 50 ಮಿಲಿವ್ಯಾಟ್ ಬೆಳಕನ್ನು 60 ಸೆಕೆಂಡ್ ಕೊಟ್ಟರೆ 3 ಜೌಲ್. ಅದನ್ನೇ ಐದು ನಿಮಿಷ ಕೊಟ್ಟರೆ 15 ಜೌಲ್. ಫೈಬ್ರೊಬ್ಲಾಸ್ಟ್‌ಗಳ ಎಷ್ಟೋ ಪ್ರಯೋಗಗಳಲ್ಲಿ ಕೆಲವೇ ಜೌಲ್‌ಗೆ ಕೋಶಗಳು ಚುರುಕಾಗಿವೆ. ಹತ್ತು ದಾಟಿದ ಮೇಲೆ ಮಂಕಾಗಿದ್ದೂ ಇದೆ. ಒಗ್ಗರಣೆಗೆ ಸಾಸಿವೆ ಸಿಡಿದ ಮೇಲೂ ಉರಿ ಆರಿಸದಿದ್ದರೆ ಸೀದುಹೋಗುತ್ತದಲ್ಲ, ಹಾಗೆ. ಕೋಶದ ಜಾತಿ, ಬೆಳಕಿನ ತರಂಗಾಂತರ (ನ್ಯಾನೋಮೀಟರಿನಲ್ಲಿ ಅಳೆಯುವ ಅಲೆಯ ಉದ್ದ) ಬದಲಾದರೆ ಲೆಕ್ಕವೂ ಬದಲಾಗುತ್ತದೆ.

ಪ್ಲೇಟಿನಲ್ಲಿ ಕೋಶ ಒಂದೇ ಪದರ. ಬೆಳಕು ನೇರ ತಲುಪುತ್ತದೆ. ಮುಖದಲ್ಲಿ ಹಾಗಲ್ಲ. ಚರ್ಮ ಬೆಳಕನ್ನು ಚದುರಿಸುತ್ತದೆ, ಮೆಲನಿನ್ ಮತ್ತು ರಕ್ತ ಒಂದಷ್ಟನ್ನು ಹೀರುತ್ತವೆ. ಹಾಗಂತ ಇದೆಲ್ಲ ಲ್ಯಾಬಿನಲ್ಲೇ ಉಳಿದಿಲ್ಲ. ತಲೆ, ಕುತ್ತಿಗೆ ಕ್ಯಾನ್ಸರಿಗೆ ರೇಡಿಯೇಷನ್ ತೆಗೆದುಕೊಳ್ಳುವವರಿಗೆ ಬಾಯಿತುಂಬ ಹುಣ್ಣಾಗುತ್ತದೆ, ಅನ್ನ ನುಂಗಲೂ ಆಗುವುದಿಲ್ಲ. ಅದನ್ನು ತಡೆಯಲು ಈ ಬೆಳಕನ್ನು ಬಳಸಬಹುದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಅಲ್ಲಿ ತರಂಗಾಂತರ, ಜೌಲ್ ಎಲ್ಲವನ್ನೂ ಅಳೆದು ಕೊಡುತ್ತಾರೆ.

ಚಿಕ್ಕಮ್ಮನಿಗೆ, "ಡಬ್ಬಿಯ ಮೇಲೆ ಎಷ್ಟು ನ್ಯಾನೋಮೀಟರ್, ಚದರ ಸೆಂಟಿಮೀಟರಿಗೆ ಎಷ್ಟು ಮಿಲಿವ್ಯಾಟ್ ಅಂತ ಬರೆದಿದೆಯಾ ನೋಡಿ" ಅಂದೆ. ಕನ್ನಡಕ ಹಾಕಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಎಷ್ಟು ಎಲ್‌ಇಡಿ ಇವೆ ಅಂತ ಮಾತ್ರ ಇತ್ತು. "ಹಾಗಾದ್ರೆ ವಾಪಸ್ ಕಳಿಸ್ಲಾ?" ಅಂದರು. ಕಳಿಸಿ ಅಂದೆ.