ಬಾಗಿಲಿಗೆ ಅಂಟಿಸಿದ ನೋಟಿಸು

ಬ್ಯಾಂಕಿನ ಇಬ್ಬರು ಮನೆಗೆ ಬಂದಾಗ ಬೆಳಗಿನ ಹನ್ನೊಂದು ಗಂಟೆ. ಒಬ್ಬರ ಕೈಯಲ್ಲಿ ಅಂಟಿನ ಡಬ್ಬಿ, ಇನ್ನೊಬ್ಬರ ಕೈಯಲ್ಲಿ ಮೊಬೈಲ್ ಇತ್ತು. ಅವರು ಗದರಲಿಲ್ಲ, ಏರುದನಿಯಲ್ಲಿ ಮಾತಾಡಲೂ ಇಲ್ಲ; ತಲೆಬಾಗಿಲಿಗೆ ಒಂದು ಹಾಳೆಯನ್ನು ಅಂಟಿಸಿ, ಅದರ ನಾಲ್ಕೂ ಮೂಲೆಗಳನ್ನು ಅಂಗೈಯಿಂದ ಒತ್ತಿ, ಫೋಟೋ ತೆಗೆದುಕೊಂಡು ಹೊರಟುಹೋದರು. ಅಮ್ಮ ಹೊರಗೆ ಬಂದು, ಇನ್ನೂ ಹಸಿಯಾಗಿದ್ದ ಆ ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದುತ್ತಾ ಹೋದರು. ‘ಸಾಂಕೇತಿಕ ಸ್ವಾಧೀನ’ ಎಂಬಲ್ಲಿ ಬೆರಳು ನಿಂತಿತು. “ಇವತ್ತೇ ಖಾಲಿ ಮಾಡಬೇಕೇನೋ?” ಎಂದು ಕೇಳಿದರು.

ಉತ್ತರ ನನಗೂ ಗೊತ್ತಿರಲಿಲ್ಲ. ಕೆಲಸ ಹೋದ ಮೇಲೆ ಗೃಹಸಾಲದ ಕಂತುಗಳು ಒಂದರ ಹಿಂದೊಂದು ತಪ್ಪಿದ್ದವು. ನಾಲ್ಕನೆಯ ತಿಂಗಳು ಹೇಗೋ ಹೊಂದಿಸಿ ಒಂದು ಕಂತು ಕಟ್ಟಿ, ಗಂಡಾಂತರ ಕಳೆಯಿತೆಂದೇ ನಂಬಿದ್ದೆ. ಆದರೆ ಬಾಕಿ 90 ದಿನ ದಾಟಿ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗಿಬಿಟ್ಟಿತ್ತು. ಒಮ್ಮೆ ಹಾಗಾದ ಮೇಲೆ ಒಂದು ಕಂತು ಸಾಲದು, ಬಾಕಿ ಬಿದ್ದ ಅಸಲು ಬಡ್ಡಿಯನ್ನೆಲ್ಲ ಪೂರ್ತಿ ಕಟ್ಟಿದರೆ ಮಾತ್ರ ಅದು ಮೊದಲಿನ ಸ್ಥಿತಿಗೆ ಮರಳುತ್ತದೆ.

ಅದಾದ ಮೇಲೆ ಬಂದ ರಿಜಿಸ್ಟರ್ಡ್ ಲಕೋಟೆಯನ್ನು ನಾನೇ ಸಹಿ ಹಾಕಿ ಪಡೆದು, ಅಮ್ಮನ ಕಣ್ಣಿಗೆ ಬೀಳದಂತೆ ಕಪಾಟಿನ ಹಳೆಯ ಫೈಲುಗಳ ಅಡಿಯಲ್ಲಿ ಇಟ್ಟಿದ್ದೆ. ಆ ದಿನ ಅದನ್ನು ಮೊದಲ ಬಾರಿಗೆ ಒಡೆದೆ. ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿಯಿಂದ ಸಾಲ ವಸೂಲಿ ಮಾಡಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನಡಿ, 60 ದಿನಗಳೊಳಗೆ ಪೂರ್ತಿ ಸಾಲ ತೀರಿಸಬೇಕೆಂಬ ಬೇಡಿಕೆ ನೋಟಿಸು ಅದು. ಆ ಅವಧಿಯಲ್ಲಿ ನಾನು ಲಿಖಿತ ಆಕ್ಷೇಪಣೆ ಸಲ್ಲಿಸಿದ್ದರೆ ಬ್ಯಾಂಕ್ 15 ದಿನಗಳಲ್ಲಿ ಅದಕ್ಕೆ ಉತ್ತರ ಕೊಡಲೇಬೇಕಿತ್ತು. ಅರವತ್ತು ದಿನವೂ ನಾನು ಒಂದಕ್ಷರ ಬರೆಯಲಿಲ್ಲ. ಮನೆ ಹೋದದ್ದಕ್ಕಿಂತ ಇದೇ ನನ್ನನ್ನು ಇಂದಿಗೂ ಹೆಚ್ಚು ಕಾಡುತ್ತದೆ.

ಮಧ್ಯಾಹ್ನ ಪರಿಚಯದ ವಕೀಲರೊಬ್ಬರ ಬಳಿ ಓಡಿದೆ. ಸಾಂಕೇತಿಕ ಎಂದರೆ ಕಾಗದದ ಮೇಲಿನ ಸ್ವಾಧೀನ, ಇವತ್ತೇ ಯಾರೂ ನಿಮ್ಮನ್ನು ಹೊರಗೆ ಹಾಕುವುದಿಲ್ಲ, ಅದಕ್ಕಾಗಿ ಬ್ಯಾಂಕಿನವರು ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳ ನೆರವು ಕೋರುತ್ತಾರೆ ಎಂದರು. ಅಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿ ಹೇಳಿದೆ. ಕ್ರಮ ತಪ್ಪಾಗಿದ್ದರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು 45 ದಿನಗಳಿದ್ದವು, ಆದರೆ ನನ್ನ ವಿಷಯದಲ್ಲಿ ಯಾವ ತಪ್ಪೂ ಕಾಣಲಿಲ್ಲ. ಹರಾಜಿನ ದಿನದವರೆಗೂ ಕಾಲವಿದೆ ಎಂದುಕೊಂಡು ಕೂರಬೇಡಿ ಎಂದು ಅವರು ಎರಡೆರಡು ಸಲ ಹೇಳಿದರು. 2016ರ ತಿದ್ದುಪಡಿಯ ನಂತರ, ಬಾಕಿಯನ್ನೆಲ್ಲ ತೀರಿಸಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ.

ವಾರದೊಳಗೆ ಸ್ವಾಧೀನದ ಸುದ್ದಿ ಎರಡು ಪತ್ರಿಕೆಗಳಲ್ಲಿ ಬಂತು, ನಿಯಮದಂತೆ ಒಂದು ಕನ್ನಡದ್ದು. ಪಕ್ಕದ ಮನೆಯವರು ಆ ಪುಟವನ್ನು ಮಡಚಿ ಅಮ್ಮನ ಕೈಗಿಟ್ಟು, ಏನೂ ಹೇಳದೆ ಹೋದರು. ಯಾವ ಅವಮಾನಕ್ಕೆ ಹೆದರಿ ಲಕೋಟೆಯನ್ನು ಅಡಗಿಸಿದ್ದೆನೋ ಅದು ನನ್ನ ಹೆಸರು, ವಿಳಾಸ, ಬಾಕಿಯ ಮೊತ್ತ ಸಮೇತ ಅಚ್ಚಾಗಿತ್ತು.

ಹರಾಜಿನಲ್ಲಿ ಬೆಲೆ ಸಾಮಾನ್ಯವಾಗಿ ಕಡಿಮೆಯೇ ಬರುವುದರಿಂದ, ನಾವೇ ಮಾರಿ ಸಾಲ ತೀರಿಸುವುದೆಂದು ಅಮ್ಮನೇ ತೀರ್ಮಾನಿಸಿದರು. ಬೇಡಿಕೆ ನೋಟಿಸು ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲವಾದ್ದರಿಂದ ಅರ್ಜಿ ಹಿಡಿದು ಶಾಖೆಗೆ ಅಲೆದೆ. ಒಪ್ಪಿಗೆ ಸಿಕ್ಕಿತು, ಖರೀದಿದಾರರ ಹಣ ನೇರವಾಗಿ ಸಾಲದ ಖಾತೆಗೆ ಹೋಯಿತು, ಉಳಿದದ್ದರಲ್ಲಿ ಬಾಡಿಗೆ ಮನೆಯ ಮುಂಗಡ ಕೊಟ್ಟೆವು. ಮನೆಯ ಮೂಲ ಪತ್ರಗಳು ನಮ್ಮ ಕೈಗೆ ಬಂದದ್ದು ಖರೀದಿದಾರರಿಗೆ ಒಪ್ಪಿಸುವಷ್ಟು ಹೊತ್ತು ಮಾತ್ರ. ಅಷ್ಟರಲ್ಲೇ ಅಮ್ಮ ಕನ್ನಡಕ ಹಾಕಿಕೊಂಡು, ಅಪ್ಪನ ಸಹಿಯಿದ್ದ ಹಾಳೆಯನ್ನು ಹುಡುಕಿ ತೆಗೆದು, ಬೆರಳಿಟ್ಟು ನೋಡಿದರು.