ದೇಶನೂರಿನಲ್ಲಿ ನಿಂತ ಒಂದು ಸಾಲು

ಬೆಳಗಾವಿಯಿಂದ ದೇಶನೂರಿನ ಕ್ರೈಸ್ತ ವಿರಕ್ತ ಮಠಕ್ಕೆ ಹೋಗುವವರಿಗೆ ಮೊದಲು ದಾರಿಯ ಮಾತು. ಈ ಜಿಲ್ಲೆಯಲ್ಲಿ ದೇಸೂರು ಅಂತ ಒಂದು ಊರಿದೆ, ದೇಶನೂರು ಅಂತ ಇನ್ನೊಂದು. ದೇಸೂರು ಖಾನಾಪುರದ ದಾರಿಯಲ್ಲಿ, ರೈಲು ನಿಲ್ದಾಣ ಇರುವ ಊರು. ದೇಶನೂರು ಅದರ ಪೂರ್ತಿ ವಿರುದ್ಧ ದಿಕ್ಕಿನಲ್ಲಿ, ಬಾಗಲಕೋಟೆ ರಸ್ತೆಯ ನೇಸರಗಿ ಹತ್ತಿರ, ಬೈಲಹೊಂಗಲ ತಾಲ್ಲೂಕಿನಲ್ಲಿ. ನಾನು ಕರೆಸಿದ್ದ ಬಾಡಿಗೆ ಕಾರಿನವನು ಊರಿನ ಹೆಸರನ್ನು ಪೂರ್ತಿ ಕೇಳಿಸಿಕೊಳ್ಳದೆ ನೇರ ದೇಸೂರಿಗೆ ತಂದು ನಿಲ್ಲಿಸಿದ. ಸಾಲದ್ದಕ್ಕೆ ಹೋಗಿ ಬಂದ ಬಾಡಿಗೆ ಎರಡನ್ನೂ ಕೇಳಿದ. ಆ ಜಗಳದಲ್ಲೇ ಅರ್ಧ ದಿನ ಹೋಯಿತು. ಇವತ್ತಿಗೂ ನೆನೆದರೆ ಸಿಟ್ಟು ಬರುತ್ತದೆ. ಆದ್ದರಿಂದ ಯಾರನ್ನು ಕೇಳಿದರೂ 'ನೇಸರಗಿ ದೇಶನೂರು' ಅಂತಲೇ ಕೇಳಿ. ಎಲ್ಲಕ್ಕಿಂತ ವಾಸಿ, ಬೆಳಗಾವಿ ಬಸ್ ನಿಲ್ದಾಣದಲ್ಲಿ ನೇಸರಗಿ ಕಡೆಯ ಬಸ್ಸು ಹತ್ತಿ ಅಲ್ಲಿಂದ ಮುಂದಕ್ಕೆ ಹೋಗುವುದು. ಮರುದಿನ ನಾನು ಹೋದದ್ದು ಹಾಗೆಯೇ.

ಬೆಳಗಾವಿಯ ಬಗ್ಗೆ ಹೆಚ್ಚು ಬರೆಯಲಾರೆ. ಕ್ಯಾಂಪಿನ ಸಂತ ಮೇರಿ ಚರ್ಚು ನೋಡಿದೆ. 1869ರಲ್ಲಿ ಪ್ರತಿಷ್ಠೆಯಾದ ಕಲ್ಲಿನ ಕಟ್ಟಡ, ಎತ್ತರದ ಕಮಾನುಗಳು, ಸುತ್ತ ಹಳೇ ಮರಗಳು. ದಂಡಿನವರಿಗಾಗಿ ಕಟ್ಟಿದ್ದು ಅನ್ನುವುದು ಅದರ ನಿಲುವಿನಲ್ಲೇ ಕಾಣುತ್ತದೆ. ಸುಂದರವಾಗಿದೆ, ಆದರೆ ಒಳಗೆ ಕುಳಿತಾಗ ನಾನು ಕಟ್ಟಡವನ್ನೇ ನೋಡುತ್ತಿದ್ದೆ, ಪ್ರಾರ್ಥಿಸಲಿಲ್ಲ. ಫಾತಿಮಾ ಪ್ರಧಾನಾಲಯದಲ್ಲಿ ಬೆಳಗಿನ ಬಲಿಪೂಜೆ ಸಿಕ್ಕಿತು. ಬೆಳಗಾವಿ ಧರ್ಮಪ್ರಾಂತ್ಯ 1953ರಲ್ಲಿ ಆದದ್ದು. ಇಲ್ಲಿನ ಕಥೋಲಿಕರ ಬಾಯಲ್ಲಿ ಕೊಂಕಣಿ, ಮರಾಠಿ, ಇಂಗ್ಲಿಷ್, ಕನ್ನಡ ನಾಲ್ಕೂ ಓಡಾಡುತ್ತವೆ. ಕುಂದಾ ತಿಂದೆ. ಎಲ್ಲರೂ ಹೊಗಳುತ್ತಾರೆ, ನನ್ನ ನಾಲಿಗೆಗೆ ಸಿಹಿ ಅತಿಯಾಯಿತು.

ನಾನು ಹಾರೋಬೆಲೆಯವನು. ಕನಕಪುರದ ಕಡೆಯ ನಮ್ಮ ಊರು ಬಲು ಹಿಂದಿನ ಕ್ರೈಸ್ತರ ಊರು. ಚಿಕ್ಕಂದಿನಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಜಪಮಾಲೆ ಮುಗಿಯದೆ ಯಾರಿಗೂ ತಟ್ಟೆ ಹಾಕುತ್ತಿರಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಅದು ಭಾನುವಾರಕ್ಕೆ ಇಳಿಯಿತು. 2020ರಲ್ಲಿ ಗುಡಿಗಳೆಲ್ಲ ಮುಚ್ಚಿದಾಗ ಭಾನುವಾರದ ಪೂಜೆಯೂ ಫೋನಿನೊಳಗೆ ಬಂತು. ಬಾಗಿಲು ತೆರೆದ ಮೇಲೆ ಮತ್ತೆ ಹೋಗತೊಡಗಿದೆ, ಆದರೆ ಹೋಗಿದ್ದು ದೇಹ. ಎದ್ದುನಿಲ್ಲು ಅಂದಾಗ ನಿಂತೆ, ಕುಳಿತುಕೊ ಅಂದಾಗ ಕುಳಿತೆ, ಬಾಯಿ ತನಗೆ ಗೊತ್ತಿದ್ದನ್ನು ಹೇಳಿಕೊಂಡು ಹೋಯಿತು. ನಂಬಿಕೆ ಹೋಗಿರಲಿಲ್ಲ, ಅದರ ಜೊತೆಗಿನ ಒಡನಾಟ ಹೋಗಿತ್ತು. ಧ್ಯಾನಕೂಟಗಳಿಗೂ ಹೋಗಿ ಬಂದೆ. ಅಲ್ಲಿ ದೊಡ್ಡ ದನಿವರ್ಧಕ, ಕೀಬೋರ್ಡು, ಅಳು, ಚಪ್ಪಾಳೆ. ಅದರಿಂದ ಎಷ್ಟೋ ಜನರಿಗೆ ಒಳ್ಳೆಯದಾಗಿರಬಹುದು. ನನಗೆ ಸೋಮವಾರದ ಹೊತ್ತಿಗೆ ಏನೂ ಉಳಿಯುತ್ತಿರಲಿಲ್ಲ. ಹಾಗಾಗಿ ಈಸ್ಟರಿಗೆ ಮುಂಚಿನ ಈ ತಪಸ್ಸುಕಾಲದಲ್ಲಿ ಸದ್ದಿಲ್ಲದ ಒಂದು ಜಾಗಕ್ಕೆ ಹೋಗಬೇಕು ಅನ್ನಿಸಿತು. ದೇಶನೂರಿನ ಸ್ನಾನಿಕ ಅರುಳಪ್ಪನವರ, ಅಂದರೆ ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸಂತ ಯೋವಾನರ, ವಿರಕ್ತ ಮಠದ ಹೆಸರು ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ಮಠ ಅಂದದ್ದಕ್ಕೆ ಆಶ್ಚರ್ಯಪಡುವವರು ಇದ್ದಾರೆ. ಇದು ಯೇಸು ಸಭೆಯ ಗುರುಗಳು ಈ ನಾಡಿನ ವಿರಕ್ತ ಮಠಗಳ ರೀತಿಯನ್ನು ಕೈಗೊಂಡು ಕಟ್ಟಿದ ಜಾಗ. ಕಾವಿ ಉಡುತ್ತಾರೆ, ಮಾಂಸ ಮುಟ್ಟುವುದಿಲ್ಲ, ಊರಿನವರಿಗೆ ಅವರು ಸ್ವಾಮಿಗಳು. 2019ರ ಆಗಸ್ಟ್‌ನಲ್ಲಿ ಬೆಳಗಾವಿಯ ಬಿಷಪ್ಪರು ಇಲ್ಲಿಗೆ ಬಂದಾಗ ಕಾವಿ ಧರಿಸಿದ್ದ ಚಿತ್ರಗಳು ಊರೆಲ್ಲ ಹರಿದಾಡಿ ದೊಡ್ಡ ವಾದವೇ ನಡೆಯಿತು. ನಮ್ಮವರೂ ಬೈದರು, ಹೊರಗಿನವರೂ ಬೈದರು. ನನಗೆ ಆಗಲೂ ಅರ್ಥವಾಗಲಿಲ್ಲ, ಈಗಲೂ ಆಗುವುದಿಲ್ಲ. ಮಧುರೆಯಲ್ಲಿ ಇದೇ ಯೇಸು ಸಭೆಯ ಗುರು ರಾಬರ್ಟೊ ದೆ ನೊಬಿಲಿ ಕಾವಿ ಉಟ್ಟು ಸನ್ಯಾಸಿಯ ಹಾಗೆ ಬದುಕಿದ್ದು ಹದಿನೇಳನೇ ಶತಮಾನದಲ್ಲಿ. ಅದೇ ದಾರಿ ಹಿಡಿದ ಲಿಯೊನಾರ್ಡೊ ಚಿನ್ನಮಿ 1649ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಶುರುಮಾಡಿದರು, ಕನ್ನಡ ಕಲಿತು ಕನ್ನಡದಲ್ಲಿ ಬರೆದರು. ನಮ್ಮ ಕಡೆಯ ಹಳೇ ಹಳ್ಳಿಗಳ ನಂಬಿಕೆಯ ಬೇರು ಇರುವುದು ಆ ಮಿಷನ್ನಿನಲ್ಲಿ. ಕಾವಿ ಉಟ್ಟ ಗುರುಗಳಿಂದ ದೀಕ್ಷೆ ಪಡೆದವರ ಮೊಮ್ಮಕ್ಕಳು ಕಾವಿ ಕಂಡು ಬೆಚ್ಚುವುದು ನನಗೆ ನೋವಿನ ಸಂಗತಿ.

ನೇಸರಗಿಯಿಂದಾಚೆ ಎರಿಭೂಮಿ. ಜೋಳ ಕೊಯ್ದು ಕಣಕ್ಕೆ ಬಂದಿತ್ತು, ಕಡಲೆ ಕಿತ್ತು ರಾಶಿ ಹಾಕಿದ್ದರು. ನಮ್ಮ ಕೆಮ್ಮಣ್ಣಿನ ಕಣ್ಣಿಗೆ ಈ ಕಪ್ಪು ನೆಲ ಹೊಸದು. ಬಿರುಕು ಬಿಟ್ಟ ಆ ನೆಲದಲ್ಲಿ ಕಾಲಿಡುವಾಗ ಮೈಯೆಲ್ಲ ಎಚ್ಚರ. ಮಠದಲ್ಲಿದ್ದ ಗುರುಗಳು ಹೆಚ್ಚು ಕೇಳಲಿಲ್ಲ, ಉಳಿಯಲು ಒಂದು ಕೋಣೆ ತೋರಿಸಿದರು. ಊಟ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ನಾನು ಮುದ್ದೆಯವನು, ರೊಟ್ಟಿ ಅಂದರೆ ಅಷ್ಟಕ್ಕಷ್ಟೆ. ಆದರೆ ಕಾದ ಹಂಚಿನಿಂದ ಇಳಿದ ಆ ರೊಟ್ಟಿಯನ್ನು ಪುಂಡಿಪಲ್ಯದ ಹುಳಿಯೊಡನೆ ತಿಂದ ಮೇಲೆ ಆ ಮಾತು ಹಿಂದಕ್ಕೆ ತಗೊಂಡಿದ್ದೇನೆ.

ಸಂಜೆಯ ಪ್ರಾರ್ಥನೆಗೆ ಊರಿನ ಕೆಲವರು ಬಂದರು. ಎಲ್ಲರೂ ನೆಲದ ಮೇಲೆ ಕುಳಿತೆವು. ದೀಪ ಹಚ್ಚಿದರು, ಒಂದು ಹಾಡು, ಶುಭಸಂದೇಶದ ಒಂದು ಭಾಗ, ಬಹಳ ಹೊತ್ತಿನ ಮೌನ. ಆಮೇಲೆ ಎಲ್ಲರೂ ಒಟ್ಟಿಗೆ ಯೇಸು ಕಲಿಸಿದ ಪ್ರಾರ್ಥನೆ, ಪರಲೋಕದಲ್ಲಿರುವ ನಮ್ಮ ತಂದೆಯೇ. ನಡುವೆ ಒಂದು ದನಿ ತಪ್ಪಿತು. ನನ್ನ ಪಕ್ಕಕ್ಕೆ ಕುಳಿತಿದ್ದ ಮುದುಕಿಯೊಬ್ಬರು, ಇಳಕಲ್ ಸೀರೆಯ ಸೆರಗನ್ನು ತಲೆ ಮೇಲೆ ಹೊದ್ದಿದ್ದವರು, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಸಾಲಿಗೆ ಬಂದು ಸುಮ್ಮನಾದರು. ನಾವೆಲ್ಲ ಮುಂದಕ್ಕೆ ಹೋದೆವು. ನಾವು ಆಮೆನ್ ಅನ್ನುವಾಗ ಅವರು ಆ ಸಾಲು ಹೇಳುತ್ತಿದ್ದರು, ಗಟ್ಟಿಯಾಗಿ, ಒಬ್ಬರೇ. ಉಳಿದದ್ದನ್ನು ಅವಸರವಿಲ್ಲದೆ ಮುಗಿಸಿದರು. ಯಾರೂ ತಿರುಗಿ ನೋಡಲಿಲ್ಲ. ಅಲ್ಲಿಯವರಿಗೆ ಅದು ರೂಢಿ ಅಂತ ಕಾಣುತ್ತದೆ, ಅವರು ಮುಗಿಸುವವರೆಗೂ ಮುಂದಿನ ಹಾಡು ಕಾದಿತ್ತು.

ಪ್ರಾರ್ಥನೆ ಆದ ಮೇಲೆ ಹೊರಗಿನ ಕಟ್ಟೆಯಲ್ಲಿ ಅವರು ಕುಳಿತಿದ್ದರು. ಎಲ್ಲರೂ ಆಯಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ.

"ಎಲ್ಲಿಂದ ಬಂದೀರಿ?"

"ಬೆಂಗಳೂರಿಂದ ಆಯಿ. ಮೂಲ ಊರು ಕನಕಪುರದ ಹತ್ತಿರ."

"ಭಾಳ ದೂರ ಆತು. ಕುಂಡ್ರರಿ."

ಸ್ವಲ್ಪ ಹೊತ್ತು ಅದೂ ಇದೂ ಆಯಿತು. ನಮ್ಮ ಕಡೆ ಮಳೆ, ರಾಗಿ, ಮಕ್ಕಳು ಎಷ್ಟು ಮಂದಿ. ಆಮೇಲೆ ನಾನು ಕೇಳಿಯೇ ಬಿಟ್ಟೆ, ಆ ಸಾಲಿಗೆ ಯಾಕೆ ನಿಂತಿರಿ ಅಂತ. ಬೇಜಾರಾಗುತ್ತಾರೇನೋ ಅಂದುಕೊಂಡಿದ್ದೆ. ಅವರು ನನ್ನ ಮುಖವನ್ನೇ ನೋಡಿದರು. ನೀವು ಹೋಗಿ ನೀನು ಬಂತು.

"ನೀ ನಿಲ್ಲಲಿಲ್ಲಲ್ಲ ತಮ್ಮಾ. ಒಂದ ಉಸಿರಿನಾಗ ಹೇಳಿ ಮುಗಿಸಿದಿ. ನಿನಗ ಯಾರ ಮ್ಯಾಗೂ ಸಿಟ್ಟ ಇಲ್ಲೇನು?"

ನಾನು ಉತ್ತರ ಕೊಡಲಿಲ್ಲ. ಅವರು ತಮ್ಮದನ್ನೇ ಹೇಳಿದರು.

ಗಂಡ ತೀರಿಕೊಂಡ ವರ್ಷ ಮೈದುನ ಬದು ಒತ್ತಿದ. ನೇಗಿಲು ಹೊಡೆಯುವಾಗ ಒಂದೊಂದು ಸಾಲು ಈಚೆಗೆ, ಪ್ರತಿ ವರ್ಷ. ಮೋಜಣಿ ಮಾಡಿಸಿದರು, ಸರ್ವೆಯವರು ಕಲ್ಲು ನೆಟ್ಟು ಹೋದರು, ರಾತ್ರಿ ಕಲ್ಲು ಕಿತ್ತು ಒಗೆದಿದ್ದ. ಮಕ್ಕಳು ಸಣ್ಣವರು. ಜಪಕ್ಕೆ ಕುಳಿತಾಗ ಆ ಸಾಲು ಬಂದರೆ ಹೊಟ್ಟೆಯಲ್ಲಿ ಬೆಂಕಿ.

"ದೇವರ ಮುಂದ ಸುಳ್ಳ ಹೆಂಗ ಹೇಳ್ಲಿ? ಕ್ಷಮಾ ಮಾಡೇನಿ ಅಂತ ಬಾಯ್ಲೆ ಅಂದು ಹೊರಗ ಬಂದು ಅವಗ ಶಾಪ ಹಾಕ್ತಿದ್ನಿ. ಅದಕ್ಕ ಜಪಾನ ಬಿಟ್ನಿ. ಗುಡಿಗಿ ಬರೂದೂ ಬಿಟ್ನಿ."

ಆಗ ಇಲ್ಲಿದ್ದ ಸ್ವಾಮಿಗಳೊಬ್ಬರು ಮನೆಗೇ ಬಂದರಂತೆ. ಅವರೆದುರು ಎಲ್ಲ ಹೇಳಿಕೊಂಡರು. ಸ್ವಾಮಿಗಳು ಕ್ಷಮಿಸು ಅನ್ನಲಿಲ್ಲ.

"ಹೇಳಾಕ ಆಗಂಗಿಲ್ಲಂದ್ರ ಹೇಳಬ್ಯಾಡ ತಾಯಿ ಅಂದ್ರು. ಆದ್ರ ದಿನಾ ಆ ಸಾಲಿನತನಾ ಬಾ. ಅಲ್ಲಿ ಬಂದು ನಿಂದ್ರು. ನಿಂತು ಅವನ ಹೆಸರ ತಗೊ. ಮುಂದ ದಾಟಿಸೂದು ದೇವರ ಕೆಲಸ, ನಿಂದಲ್ಲ ಅಂದ್ರು."

ಅಲ್ಲಿಗೆ ಬಂದು ನಿಲ್ಲತೊಡಗಿದರು. ದಿನಾ ಬೆಳಗ್ಗೆ ಒಲೆ ಹಚ್ಚುವ ಮುಂಚೆ, ರಾತ್ರಿ ಮಲಗುವ ಮುಂಚೆ. ಆ ಸಾಲಿನತನಕ ಹೇಳಿ, ನಿಂತು, ಮೈದುನನ ಹೆಸರು ತಗೊಂಡು, ಶಿಲುಬೆಯ ಗುರುತು ಹಾಕಿಕೊಂಡು ಏಳುವುದು. ಪ್ರಾರ್ಥನೆ ಅರ್ಧಕ್ಕೇ ನಿಂತ ವರ್ಷಗಳು ಅವು. ಎಷ್ಟು ವರ್ಷ ಅಂದರೆ, ಹಿರಿಯ ಮಗ ಕೂರಿಗೆ ಹಿಡಿಯುವಷ್ಟು ದೊಡ್ಡವನಾದ ಅಂದರು.

ಒಂದು ಹಿಂಗಾರಿಗೆ ಮಳೆ ಬಿದ್ದು ನೆಲ ಹದಕ್ಕೆ ಬಂದಿತ್ತು. ಮೈದುನನ ಎತ್ತು ಅದೇ ವಾರ ಸತ್ತಿತ್ತು. ಬಾಡಿಗೆಗೆ ಎತ್ತು ಸಿಗದ ಹೊತ್ತು, ಎಲ್ಲರದೂ ಬಿತ್ತಿಗೆ ನಡೆದಿತ್ತು. ಆಯಿ ಮಗನನ್ನು ಕರೆದು ತಮ್ಮ ಎತ್ತು, ಕೂರಿಗೆ ಎರಡನ್ನೂ ಅವನ ಹೊಲಕ್ಕೆ ಕಳಿಸಿದರು. ಮಗ ಒಲ್ಲೆ ಅಂದ, ಬೈದು ಕಳಿಸಿದರು.

"ಕ್ಷಮಿಸಿ ಕಳಿಸಿದಿರಾ ಆಯಿ?"

"ಏ ಇಲ್ಲ ತಮ್ಮಾ. ಹದ ಹೋಗತಿತ್ತು. ಎರಡ ದಿನಾ ತಡಾ ಮಾಡಿದ್ರ ಆ ಹೊಲಾ ಬೀಳ ಬೀಳತಿತ್ತು. ಅವ ಮಾಡಿದ್ದಕ್ಕ ಭೂಮಿ ಏನ ಮಾಡಿತ್ತು? ಅವತ್ತ ರಾತ್ರಿ ಜಪಕ್ಕ ಕುಂತೆ. ಆ ಸಾಲ ಬಂತು. ನಾ ಹೇಳಲಿಲ್ಲ, ಅದ ಬಾಯಾಗ ಬಂತು. ಪೂರ್ತಿ ಹೇಳಿ ಮುಗಿಸಿ ಹೋ ಅಂತ ಅತ್ತೆ."

"ಹೊಲ ಆಮೇಲೆ ಬಿಟ್ಟುಕೊಟ್ಟನೇ?"

"ಎಲ್ಲಿ ಬಿಡ್ತಾನ? ಅವನ ಕಡೇನ ಐತಿ. ಕೋರ್ಟಿನಾಗ ಕೇಸ ಐತಿ, ಮುಂದಿನ ತಿಂಗಳ ತಾರೀಕ ಐತಿ, ಹೋಗಬೇಕು. ನನ್ನ ಮಕ್ಕಳ ಪಾಲ ಅದು, ಬಿಡೂದ್ಯಾಕ? ಕೇಸ ನಡೀಲಿ. ಸಿಟ್ಟ ಮಾತ್ರ ಮನಿಗಿ ಬರಾಕ ಬಿಡಂಗಿಲ್ಲ. ಅದಕ್ಕ ದಿನಾ ಆ ಸಾಲಿಗಿ ನಿಂತ ನೋಡತೇನಿ, ಐತೋ ಹೋತೋ ಅಂತ. ಒಮ್ಮೊಮ್ಮೆ ಇರತೈತಿ. ಹೋಗೂತನಾ ಕಾಯತೇನಿ."

ಇದನ್ನು ಕೇಳಿ ನಾನು ಕುಳಿತಲ್ಲೇ ಇದ್ದೆ. ಕ್ಷಮೆಯ ಮೇಲೆ ಎಷ್ಟೋ ಪ್ರಬೋಧನೆ ಕೇಳಿದ್ದೇನೆ. ಹಕ್ಕನ್ನು ಬಿಟ್ಟುಕೊಡುವುದೇ ಕ್ಷಮೆ ಅನ್ನುವ ಹಾಗೆ ಮಾತಾಡುವವರೇ ಹೆಚ್ಚು, ಅದರಲ್ಲೂ ಹೆಂಗಸರಿಗೆ, ಬಡವರಿಗೆ. ಈ ತಾಯಿ ಹೊಲವನ್ನೂ ಬಿಟ್ಟಿಲ್ಲ, ಮೈದುನನನ್ನೂ ಬಿಟ್ಟಿಲ್ಲ, ದೇವರನ್ನೂ ಬಿಟ್ಟಿಲ್ಲ. ಮೂರನ್ನೂ ಹಿಡಿದುಕೊಂಡು ದಿನಕ್ಕೆರಡು ಸಲ ಒಂದು ಸಾಲಿನ ಮುಂದೆ ನಿಲ್ಲುತ್ತಾರೆ. ನನ್ನ ಪ್ರಾರ್ಥನೆಯಲ್ಲಿ ಹಾಗೆ ನಿಲ್ಲುವ ಜಾಗವೇ ಇರಲಿಲ್ಲ. ಬಾಯಿ ಎಲ್ಲಿಯೂ ಎಡವದೆ ಓಡುತ್ತಿತ್ತು, ಅದಕ್ಕೇ ಏನೂ ತಾಗುತ್ತಿರಲಿಲ್ಲ.

ಯೇಸು ಸಭೆ ಕಟ್ಟಿದ ಸಂತ ಇಗ್ನಾಸಿಯವರು ತಮ್ಮವರಿಗೆ ಹೇಳಿಕೊಟ್ಟ ಆತ್ಮಶೋಧನೆ ದಿನಕ್ಕೆರಡು ಸಲದ್ದು, ಮಧ್ಯಾಹ್ನ ಒಂದು, ರಾತ್ರಿ ಒಂದು. ಮೊದಲು ದೇವರಿಗೆ ವಂದನೆ, ಆಮೇಲೆ ಕಳೆದ ಹೊತ್ತನ್ನು ತಾಸು ತಾಸಾಗಿ ತಿರುವಿ ನೋಡುವುದು, ತಪ್ಪಿಗೆ ಕ್ಷಮೆ ಬೇಡಿ ಮುಂದಕ್ಕೆ ನಿಶ್ಚಯ ಮಾಡುವುದು. ಮರುದಿನ ಬೆಳಗ್ಗೆ ಮಠದ ಗುರುಗಳೊಡನೆ ಆಯಿಯ ಮಾತು ಎತ್ತಿದಾಗ ಅವರು ಅಂದದ್ದು ಇಷ್ಟೇ: "ಅದನ್ನ ಕಲಿಯಾಕ ನಮಗ ವರ್ಷಗಟ್ಟಲೆ ಹಿಡಿತೈತ್ರಿ. ಅವರು ಒಂದ ಸಾಲಿನಾಗ ಕಲ್ತಾರ."

ಹೊರಡುವ ಮುಂಚೆ ಆಯಿ ಮತ್ತೆ ಸಿಕ್ಕರು, ಕಣದಿಂದ ಬರುತ್ತಿದ್ದರು.

"ಹೆಸರ ಹೇಳಲಿಲ್ಲ ನೀ."

"ಯಾರದ್ದು ಆಯಿ?"

"ನಿನ್ನ ಸಿಟ್ಟಿಂದು."

ತಮ್ಮನ ಹೆಸರು ಹೇಳಿದೆ. ಅಪ್ಪ ಹೋದ ಮೇಲೆ ಊರಿನ ಮನೆ ಪಾಲಾಗುವಾಗ ಆದ ಮಾತು, ಆಮೇಲೆ ಮಾತೇ ಇಲ್ಲದ್ದು, ಅಷ್ಟನ್ನೂ ನಿಂತಲ್ಲೇ ಹೇಳಿದೆ. ಅವರು ಬುದ್ಧಿ ಹೇಳಲಿಲ್ಲ. ಆ ಹೆಸರನ್ನು ಬಾಯಲ್ಲಿ ಎರಡು ಸಲ ಅಂದುಕೊಂಡರು, ನೆನಪಿಟ್ಟುಕೊಳ್ಳುವವರ ಹಾಗೆ. "ನಾನೂ ತಗೋತೇನಿ, ಹೋಗಿ ಬಾ" ಅಂದರು.

ಬೈಲಹೊಂಗಲಕ್ಕೆ ಹೋಗಿ ರಾಣಿ ಚೆನ್ನಮ್ಮನ ಸಮಾಧಿ ನೋಡಿಕೊಂಡು ಬೆಳಗಾವಿಗೆ ಮರಳಿದೆ. 1829ರಲ್ಲಿ ಸೆರೆಯಲ್ಲೇ ತೀರಿಕೊಂಡವಳ ಸಮಾಧಿ. ಅದರ ಮುಂದೆ ನಿಂತಾಗಲೂ ನನ್ನ ತಲೆಯಲ್ಲಿ ಬದುವಿನ ಕಲ್ಲೇ ಇತ್ತು. ಗೋಕಾಕ ಜಲಪಾತ ನೋಡಬೇಕು ಅಂದುಕೊಂಡಿದ್ದೆ, ಬೇಸಿಗೆಯಲ್ಲಿ ನೀರು ಕಡಿಮೆ ಅಂದರು, ಬಿಟ್ಟೆ. ಹೋಗುವವರು ಮಳೆಗಾಲದಲ್ಲಿ ಹೋಗಿ. ದೇಶನೂರಿಗೂ ಹೋಗುವವರು ಮೊದಲೇ ತಿಳಿಸಿ ಹೋಗಿ, ಅದು ಪ್ರವಾಸಿಗರ ತಾಣವಲ್ಲ. ಫೋಟೊಗಾಗಿ ಹೋಗಬೇಡಿ.

ಬೆಳಗಾವಿ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಾ ತಮ್ಮನಿಗೆ ಫೋನು ಮಾಡಿದೆ. ಎತ್ತಿದ. ಮನೆಯ ಮಾತು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಅಮ್ಮನ ಮಂಡಿನೋವಿನ ಔಷಧಿ, ಬೋರಿನ ನೀರು, ಅವನ ಮಗಳ ಪರೀಕ್ಷೆ. ಪಾಲಿನ ವಿಷಯದಲ್ಲಿ ನನಗೆ ಅನ್ಯಾಯವಾಗಿದೆ ಅಂತ ಈಗಲೂ ಅನ್ನಿಸುತ್ತದೆ, ಅದನ್ನು ಮಾತಾಡಲೇಬೇಕು, ಮಾತಾಡುತ್ತೇನೆ. ರಾತ್ರಿ ರೈಲಿನಲ್ಲಿ ಜಪ ಹೇಳುವಾಗ ಆ ಸಾಲಿಗೆ ಬಂದು ನಿಂತೆ. ದಾಟಲಾಗಲಿಲ್ಲ. ಹೆಸರು ತಗೊಂಡು ಅಲ್ಲಿಗೇ ನಿಲ್ಲಿಸಿದೆ. ಎಷ್ಟೋ ಕಾಲದ ಮೇಲೆ ದೇವರೊಡನೆ ನಿಜ ಮಾತಾಡಿದ ಹಾಗಾಯಿತು. ಈಗ ಮನೆಯಲ್ಲಿ ದಿನಾ ರಾತ್ರಿ ಊಟಕ್ಕೆ ಮುಂಚೆ ಎಲ್ಲರೂ ಕೂರುತ್ತೇವೆ, ಜಪಮಾಲೆ ಪೂರ್ತಿ ಆಗದಿದ್ದರೆ ಒಂದೇ ಹತ್ತು ಮಣಿಯಾದರೂ ಆಗುತ್ತದೆ. ನನ್ನ ಪರಲೋಕ ಪ್ರಾರ್ಥನೆ ಇನ್ನೂ ಅರ್ಧಕ್ಕೇ ನಿಲ್ಲುತ್ತಿದೆ, ಹೆಂಡತಿ ಮಕ್ಕಳು ಮುಂದಕ್ಕೆ ಹೇಳಿ ಮುಗಿಸುತ್ತಾರೆ.

ಫೋನಿಡುವ ಮುಂಚೆ ತಮ್ಮ ಕೇಳಿದ್ದ, ಶುಭ ಶುಕ್ರವಾರಕ್ಕೆ ಊರಿಗೆ ಬರುತ್ತೀಯಾ ಅಂತ. ಅವತ್ತು ನಮ್ಮೂರ ಬೆಟ್ಟದ ಬುಡದಲ್ಲಿ ಯೇಸುವಿನ ಪಾಡಿನ ನಾಟಕ, ಅವನಿಗೆ ಈ ಸಲ ಪಾತ್ರ ಇದೆಯಂತೆ. ಬರುತ್ತೇನೆ ಅಂದಿದ್ದೇನೆ. ಟಿಕೆಟ್ಟಿನ ಗೊಡವೆಯಿಲ್ಲ, ಕನಕಪುರದ ಬಸ್ಸು ಬೆಳಗಿನಿಂದ ಇರುತ್ತದೆ.