ಚರ್ಚ್ ಆಶ್ರಯ ಅಂದರೆ ಬಚ್ಚಿಡುವುದಲ್ಲ

ಗಡೀಪಾರಾಗಲಿರುವ ವಲಸಿಗರನ್ನು ಚರ್ಚು ತನ್ನೊಳಗೆ ಇರಿಸಿಕೊಳ್ಳುವ ಜರ್ಮನಿಯ ‘ಚರ್ಚ್ ಆಶ್ರಯ’ ಅಂದಕೂಡಲೇ ಪೊಲೀಸರು ಕಾಲಿಡಲಾಗದ ಪವಿತ್ರ ಜಾಗವೊಂದು ಕಣ್ಣಮುಂದೆ ಬರುತ್ತದೆ. ಅಂಥ ಕಾನೂನು ಅಲ್ಲಿಲ್ಲ. ಪೊಲೀಸರು ಒಳಗೆ ಬರಬಹುದು, ಅಪರೂಪಕ್ಕೆ ಬಂದದ್ದೂ ಉಂಟು. ಎಲ್ಲವನ್ನೂ ಬಹಿರಂಗವಾಗಿ ಮಾಡುವುದೇ ಇಲ್ಲಿರುವ ರಕ್ಷಣೆ.

1983ರ ಆಗಸ್ಟ್‌ನಲ್ಲಿ ಟರ್ಕಿಗೆ ಹಸ್ತಾಂತರವಾಗುವ ಭಯದಲ್ಲಿ, ಆಶ್ರಯ ಕೇಳಿ ಬಂದಿದ್ದ ಟರ್ಕಿಯ ಯುವಕ ಜೆಮಾಲ್ ಕೆಮಾಲ್ ಆಲ್ತುನ್ ಬರ್ಲಿನ್ ನ್ಯಾಯಾಲಯದ ಆರನೇ ಮಹಡಿಯಿಂದ ಹಾರಿ ಸತ್ತ. ಅದೇ ವರ್ಷ ಬರ್ಲಿನ್ನಿನದೇ ಬಡಾವಣೆ ಕ್ರೊಯ್ಟ್ಸ್‌ಬರ್ಗ್‌ನ ಹೋಲಿ ಕ್ರಾಸ್ ಚರ್ಚು ಗಡೀಪಾರಾಗಲಿದ್ದ ಪ್ಯಾಲೆಸ್ಟೀನಿ ಕುಟುಂಬಗಳನ್ನು ಒಳಗೆ ಸೇರಿಸಿಕೊಂಡಿತು. ಶುರುವಾದದ್ದು ಹಾಗೆ.

ಆಮೇಲಿನ ಪ್ರಕರಣಗಳಲ್ಲಿ ಹೆಚ್ಚಿನವು ಡಬ್ಲಿನ್ 3 ನಿಯಮದವು: ಆಶ್ರಯದ ಅರ್ಜಿಯನ್ನು ಯಾವ ದೇಶ ನೋಡಬೇಕು ಎಂದು ಹೇಳುವ ಯುರೋಪಿಯನ್ ಒಕ್ಕೂಟದ ನಿಯಮ ಅದು; ಇಲ್ಲಿನ ಲೆಕ್ಕ 2026ರ ಮಧ್ಯದವರೆಗಿನದು. ಬೆರಳಚ್ಚು ಬಲ್ಗೇರಿಯಾದಲ್ಲಿ ಬಿದ್ದಿದ್ದರೆ ಆಶ್ರಯದ ಅರ್ಜಿ ನೋಡುವುದು ಬಲ್ಗೇರಿಯಾ. ಅದು ಒಪ್ಪಿದ ದಿನದಿಂದ ಆರು ತಿಂಗಳೊಳಗೆ ಕಳಿಸದಿದ್ದರೆ ಹೊಣೆ ಜರ್ಮನಿಯದು. ಬೆರಳಚ್ಚು ಆಧರಿಸಿ ವಾಪಸ್ ಕರೆಸಿಕೊಳ್ಳಲು ಕೇಳಿದ ಪತ್ರಕ್ಕೆ ಎರಡು ವಾರ ಉತ್ತರ ಬರದಿದ್ದರೂ ಒಪ್ಪಿದಂತೆಯೇ: ಮೌನಂ ಸಮ್ಮತಿ ಲಕ್ಷಣಂ! ಸಭೆಗಳು, ಅಂದರೆ ಚರ್ಚಿನ ಭಕ್ತಸಮುದಾಯಗಳು, ಎಡವುವುದು ಈ ಲೆಕ್ಕದಲ್ಲೇ. ಕಳಿಸುವುದನ್ನು ತಡೆಯಲು ನ್ಯಾಯಾಲಯದಲ್ಲಿ ತಡೆಯಾಜ್ಞೆಗೆ ಹಾಕಿದ ಅರ್ಜಿ ಬಿದ್ದುಹೋದರೆ ಆ ದಿನದಿಂದ ಆರು ತಿಂಗಳು ಮತ್ತೆ ಮೊದಲಿನಿಂದ. ಹಾಗಾಗಿ ಕೋಣೆ ತೆರೆಯುವ ಮೊದಲು ವಕೀಲರಿಂದ ಗಡುವು ಮುಗಿಯುವ ತಾರೀಖು ಬರೆಸಿಕೊಳ್ಳಬೇಕು.

ಸಭೆಯ ಹಿರಿಯರು ಮತ ಹಾಕಿ ನಿರ್ಧರಿಸುತ್ತಾರೆ. ವ್ಯಕ್ತಿ ಬಂದ ದಿನವೇ ಹೆಸರು, ವಿಳಾಸ ವಲಸೆ ಇಲಾಖೆಗೆ ಹೋಗಬೇಕು. ತಡವಾದರೆ ‘ತಲೆಮರೆಸಿಕೊಂಡ’ ಎಂಬ ಮುದ್ರೆ ಬೀಳಬಹುದು, ಆಗ ಗಡುವು 18 ತಿಂಗಳು. ವಿಳಾಸ ತಿಳಿಸಿ ಬಹಿರಂಗವಾಗಿ ಕೊಟ್ಟ ಆಶ್ರಯ ತಲೆಮರೆಸಿಕೊಂಡಂತೆ ಅಲ್ಲ ಎಂದು 2020ರಲ್ಲಿ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯವೇ ಹೇಳಿತು.

2018ರಲ್ಲಿ ಬಿಗಿಯಾದ ನಿಯಮದ ಪ್ರಕಾರ ನಾಲ್ಕು ವಾರದೊಳಗೆ ಆ ವ್ಯಕ್ತಿಯ ಕಷ್ಟ ವಿವರಿಸುವ ಕಡತವನ್ನು ಸಭೆ ಇಲಾಖೆಗೆ ಕೊಡಬೇಕು. ‘ಆ ದೇಶದಲ್ಲಿ ಪರಿಸ್ಥಿತಿ ಸರಿಯಿಲ್ಲ’ ಎಂದು ಬರೆದರೆ ಪ್ರಯೋಜನವಿಲ್ಲ. ಈ ಮನುಷ್ಯನಿಗೇ ಏನಾಯಿತು, ಯಾವ ಗಾಯ, ಯಾವ ವೈದ್ಯರ ಪತ್ರ, ಅದನ್ನು ಬರೆಯಬೇಕು. ತಿರಸ್ಕರಿಸಿದರೆ ಮೂರು ದಿನದಲ್ಲಿ ಹೊರಗೆ ಕಳಿಸಿ ಎನ್ನುತ್ತದೆ ಇಲಾಖೆ. ಎಷ್ಟೋ ಸಭೆಗಳು ಕಳಿಸುವುದಿಲ್ಲ. ಭಕ್ತಿಯ ಪರೀಕ್ಷೆ ನಡೆಯುವುದು ಅಲ್ಲಿ, ಭಾನುವಾರದ ಆರಾಧನೆಯಲ್ಲಲ್ಲ.

ಮತ್ತಾಯ 25ರಲ್ಲಿ ಯೇಸು ತನ್ನನ್ನೇ ‘ಪರದೇಶಿ’ ಎಂದುಕೊಳ್ಳುತ್ತಾನೆ. ಆಡುಮಾತಿನಲ್ಲಿ ಪರದೇಶಿ ಅಂದರೆ ಹೇಳುವವರು ಕೇಳುವವರು ಇಲ್ಲದವನು. ಚರ್ಚಿನ ಕಾಂಪೌಂಡಿನೊಳಗೆ ತಿಂಗಳುಗಟ್ಟಲೆ ಕೂತವನ ಪಾಡಿಗೆ ಈ ಎರಡನೇ ಅರ್ಥವೇ ಹೆಚ್ಚು ಹತ್ತಿರ. ಗೇಟು ದಾಟಿದರೆ ಬಂಧನದ ಭಯ. ಊಟ, ಮದ್ದು, ವಕೀಲರ ಫೀಸು ಸಾಮಾನ್ಯವಾಗಿ ಸಭೆಯ ತಲೆಗೇ. ಹಲ್ಲುನೋವು ಬಂದರಂತೂ ಪೀಕಲಾಟ: ಡೆಂಟಿಸ್ಟ್ ಕುರ್ಚಿ ಹೊತ್ತುಕೊಂಡು ಬರುವುದಿಲ್ಲವಲ್ಲ.

ಗಡುವು ಮುಗಿದರೂ ಸರ್ಕಾರದಿಂದ ಆಶ್ರಯ ಸಿಕ್ಕಂತಲ್ಲ. ಜರ್ಮನಿಯಲ್ಲಿ ಅರ್ಜಿಯ ವಿಚಾರಣೆ ಆಗಷ್ಟೇ ಶುರು.